ಬೆನ್ನು ಮುಚ್ಚಿ ಹೊಲಿದ ಫ್ರಾಕು

ಹೆಣದ ಬಟ್ಟೆಗೆ ಬೆನ್ನಿರುವುದಿಲ್ಲ. ಮುಂದುಗಡೆ ಕಾಲರು, ಲೇಸು, ಗುಂಡಿ ಎಲ್ಲ ಠಾಕುಠೀಕಾಗಿರುತ್ತದೆ. ಹಿಂದುಗಡೆ ಮೇಲಿನಿಂದ ಕೆಳಗಿನವರೆಗೆ ಸೀಳು, ಕಟ್ಟಲು ಲಾಡಿ. ಸೆಟೆದ ಕೈಗಳನ್ನು ತೋಳಿಗೆ ತೂರಿಸಿ, ಅಂಚನ್ನು ಬೆನ್ನಡಿಗೆ ಸಿಕ್ಕಿಸಿದರೆ ಮುಗಿಯಿತು. ಪೆಟ್ಟಿಗೆಯಲ್ಲಿ ಮಲಗಿದವರ ಬೆನ್ನನ್ನು ಯಾರು ನೋಡುತ್ತಾರೆ? ಶವಪೆಟ್ಟಿಗೆ ಅಂಗಡಿಯವನಿಗೆ ಇಂಥವನ್ನು ಹೊಲಿದು ಕೊಡುವುದೇ ನನ್ನ ಕಸುಬು. ಮೆಷಿನ್ ತುಳಿಯುವವಳು ನಾನು, ಲೇಸು ಕೂರಿಸುವವರು ಅತ್ತೆ. ಅತ್ತೆಯ ಬಾಯಲ್ಲಿ ಸದಾ ಪ್ರಾರ್ಥನೆ, ನನ್ನ ಬಾಯಲ್ಲಿ ಗುಂಡುಸೂಜಿ. ಮನೆಯಲ್ಲಿ ಒಬ್ಬರಾದರೂ ಸುಮ್ಮನಿರಬೇಕಲ್ಲ.

ಮಗಳು, ನಮ್ಮ ಚಿನಕುರುಳಿ, ಹಾಸಿಗೆ ಹಿಡಿದಾಗ ನಾನೂ ಸೂಜಿ ಉಗುಳಿ ಮೊಣಕಾಲೂರಿದೆ. ಚರ್ಚಿನ ಸಭೆಯವರೆಲ್ಲ ಉಪವಾಸ ಕೂತರು. ಪಾದ್ರಿಗಳು ದಿನ ಬಿಟ್ಟು ದಿನ ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ ಒಂದು ಮಾತೂ ಆಡದೆ ಕಣ್ಣು ಮುಚ್ಚಿದಳು.

ಬೆಳಿಗ್ಗೆಯೇ ಬಂದ ಪಾದ್ರಿಗಳು ದೇವರ ಚಿತ್ತ ನಮಗೆ ತಿಳಿಯುವಂಥದ್ದಲ್ಲ ಎಂದರು. ತಿಳಿಯದಿದ್ದರೆ ಸುಮ್ಮನಿರಬಹುದಿತ್ತು. ಸತ್ತವರು ಕೊನೆಯ ದಿನ ಎದ್ದೇಳುತ್ತಾರೆಂದು ಭಾನುವಾರ ಭಾನುವಾರ ಬಾಯಿಪಾಠ ಒಪ್ಪಿಸಿದವಳು ನಾನು. ಈಗ ಬಾಯಿಪಾಠ ಸಾಲದು, ನಿಜ ಬೇಕಿತ್ತು. ಇದೊಂದಕ್ಕೆ ಉತ್ತರ ಸಿಗದಿದ್ದರೆ ಮಿಕ್ಕಿದ್ದೆಲ್ಲ ತೆಗೆದುಕೊಂಡು ನಾನೇನು ಮಾಡಲಿ?

"ಅವಳನ್ನ ಮತ್ತೆ ನೋಡ್ತೀನಾ, ಇಲ್ವಾ?" ಎಂದು ಕೇಳಿದೆ.

ಪಾದ್ರಿಗಳು ಕೈಯಲ್ಲಿದ್ದ ಬೈಬಲ್ ಮುಚ್ಚಿದರು. "ನೋಡ್ತೀರಿ ಅಂತಾನೇ ನಂಬಿದೀನಮ್ಮ. ಕೆಲವು ದಿನ ನಂಗೂ ಅದು ಕಷ್ಟ ಆಗುತ್ತೆ."

ಚೆನ್ನಾಯಿತು, ಬಡಿಸುವವರ ತಟ್ಟೆಯೇ ಖಾಲಿ ಎಂದುಕೊಂಡು ಎದ್ದು ಹೋದೆ.

ಅಂಗಡಿಯವನು ಸಿದ್ಧವಿದ್ದ ಫ್ರಾಕು ಕಳಿಸುತ್ತೇನೆಂದ. ಬೇಡ ಎಂದೆ. ಅವಳೇ ಹಟ ಮಾಡಿ ಕೊಡಿಸಿಕೊಂಡಿದ್ದ ಹಳದಿ ಬಟ್ಟೆ ಬೀರುವಿನಲ್ಲಿತ್ತು. ತೆಗೆದುಕೊಂಡು ಮೆಷಿನ್ ಮುಂದೆ ಕೂತೆ. ಕಣ್ಣು ಮಂಜಾಗಿತ್ತು. ಕೈ ತನ್ನ ಪಾಡಿಗೆ ತಾನು ಕತ್ತರಿಸಿತು, ಜೋಡಿಸಿತು. ಹೊಲಿದಷ್ಟು ಹೊತ್ತೂ ದೇವರನ್ನು ಬಾಯಿಗೆ ಬಂದ ಹಾಗೆ ಬೈದೆ. ಮುಂದಿನ ಕೋಣೆಯಲ್ಲಿ ಕೂತವರಿಗೆಲ್ಲ ಕೇಳಿಸಿರಬೇಕು.

ಪೆಟ್ಟಿಗೆ ಒಯ್ಯುವ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಅತ್ತೆ ಫ್ರಾಕು ಕೊಡವಿ, ತಿರುಗಿಸಿ ನೋಡಿದರು. ಬೆನ್ನು ಪೂರ್ತಿ ಮುಚ್ಚಿತ್ತು. ಕತ್ತಿನ ಹಿಂದೆ ಎರಡು ಗುಂಡಿ, ಅಷ್ಟೇ. ಶಾಲೆಗೆ ಓಡುವ ಮಕ್ಕಳಿಗೆ ಹೊಲಿಯುವ ಹಾಗೆ. ಸಾಲದ್ದಕ್ಕೆ, ಬೆಳೆದಂತೆ ಉದ್ದ ಬಿಚ್ಚಿಕೊಳ್ಳಲಿ ಎಂದು ಕೆಳಗೆ ಒಂದು ಗೇಣು ಬಟ್ಟೆ ಒಳಮಡಿಸಿದ್ದೆ. ಇಷ್ಟು ವರ್ಷದ ಕಸುಬಿನಲ್ಲಿ ಎಂದೂ ಇಂಥ ತಪ್ಪು ಮಾಡಿದವಳಲ್ಲ.

ಹೀಗಿದ್ದರೆ ಹಾಕಲಾಗದು, ಬೆನ್ನು ಸೀಳಿಬಿಡೋಣ ಎಂದು ಅತ್ತೆ ಕತ್ತರಿ ತೆಗೆದುಕೊಂಡರು. ನಾನು ಕಿತ್ತುಕೊಂಡೆ.

"ಸೀಳ್ಬೇಡಿ ಅತ್ತೆ. ಎದ್ದಾಗ ಬೆನ್ನು ಬೇಕಾಗುತ್ತೆ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಏನನ್ನೂ ನಂಬದೆ, ಬೆಳಿಗ್ಗೆಯಿಂದ ಊರಿಗೆಲ್ಲ ಕೇಳುವಂತೆ ದೇವರನ್ನು ಬೈದವಳು ನಾನೇ ತಾನೆ? ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಬಿಸಿನೀರಲ್ಲಿ ಬಟ್ಟೆ ಅದ್ದಿ, ಮಗುವಿನ ಭುಜಕ್ಕೆ ಒತ್ತಿ ಒತ್ತಿ ಇಬ್ಬರೂ ಕೈಗಳನ್ನು ಸಡಿಲಿಸಿದೆವು. ಗಾಡಿಯವನು ಹೊತ್ತಾಯಿತೆಂದು ಹೇಳಿ ಕಳಿಸಿದ, ಕಾಯಲಿ ಎಂದೆ. ಫ್ರಾಕನ್ನು ತಲೆಯಿಂದ ಇಳಿಸಿ, ಒಂದೊಂದೇ ತೋಳು ತೂರಿಸಿ, ಅವಳನ್ನು ಎದೆಗೆ ಒರಗಿಸಿಕೊಂಡು ಗುಂಡಿ ಹಾಕಿದೆ. ಮೈ ತಣ್ಣಗೆ ಕೊರೆಯುತ್ತಿತ್ತು.

ಅತ್ತೆ ಅಂಚು ಎಳೆದು ಸರಿಮಾಡಲು ಹೋದವರು ಆ ಒಳಮಡಿಸಿದ ಬಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದರು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದೆ ಪ್ರಾರ್ಥಿಸಿದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. "ಇಷ್ಟೊಂದು ಬಿಟ್ಟಿದೀಯಲ್ಲೇ... ಇನ್ನೆಲ್ಲಿ ಬೆಳೀತಾಳೆ?"

ಈ ಮನೆಯಲ್ಲಿ ನಂಬುವ ಸರದಿ ನನ್ನ ತಲೆಗೆ ಬಂದಿತ್ತು. ದೇವರ ಮೇಲಿನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಬೆಳೆಸೋದು ಅವನ ಕೆಲಸ ಅತ್ತೆ," ಎಂದೆ. "ಬೆಳೆಸದೇ ಇದ್ರೆ, ಅಲ್ಲಿಗೆ ಹೋದಾಗ ಎದುರಿಗೆ ನಿಂತು ಕೇಳ್ತೀನಿ."