ಖಾಲಿಯಾಗಿ ಬಂದ ಡಬ್ಬಿ

ಆ ಶಾಲೆಯಲ್ಲಿ ಮಕ್ಕಳಿಗೆ ಪಾಠ ನಿಂತು ದೊಡ್ಡವರಿಗೆ ಶುರುವಾಗಿತ್ತು. ಒಂದೊಂದು ತರಗತಿಗೆ ಎರಡೆರಡು ಸಂಸಾರ. ನಡುವೆ ಬೆಂಚಿನ ಮೇಲೆ ಬೆಂಚು ಪೇರಿಸಿ, ಅದರ ಮೇಲೆ ಹಳೇ ಚಾದರ ಇಳಿಬಿಟ್ಟರೆ ಅದೇ ಗೋಡೆ. ಜ್ವರ ಊರಿಗೆಲ್ಲ ಹಬ್ಬಿದ ಮೇಲೆ ಮನೆ ಕಳೆದುಕೊಂಡವರನ್ನು ಅಲ್ಲಿಗೆ ತಂದು ಇಳಿಸಿದ್ದರು. ಮನೆ ಕಳೆದುಕೊಂಡದ್ದು ಬೆಂಕಿ ಬಿದ್ದು ಅಲ್ಲ, ನೀರು ನುಗ್ಗಿಯೂ ಅಲ್ಲ. ಮನೆ ಮಾಲೀಕರಿಗೆ ಹೆದರಿಕೆಯಾಗಿತ್ತು, ಅಷ್ಟೆ.

ಮಹಡಿಯ ಮೊದಲ ಕೋಣೆಯಲ್ಲಿದ್ದವಳನ್ನು ಎಲ್ಲರೂ ಕಂಡಕ್ಟರಮ್ಮ ಎನ್ನುತ್ತಿದ್ದರು. ಅವಳು ಜನ್ಮದಲ್ಲಿ ಒಂದು ಟಿಕೆಟ್ ಹರಿದವಳಲ್ಲ, ಬಟ್ಟೆ ಹೊಲಿಯುವವಳು. ಬಸ್ಸಿನ ಕಂಡಕ್ಟರಾಗಿದ್ದವನು ಅವಳ ಗಂಡ. ಅವನನ್ನು ಆಂಬುಲೆನ್ಸ್ ಒಯ್ದ ಸಂಜೆಯೇ ಮಾಲೀಕರು ಮೆಟ್ಟಿಲ ಕೆಳಗೆ ದೂರ ನಿಂತು, "ತಪ್ಪು ತಿಳ್ಕೋಬೇಡಮ್ಮ, ನಮ್ಮನೇಲೂ ಮಕ್ಕಳಿದಾರೆ" ಎಂದರು. ತಪ್ಪು ತಿಳಿದುಕೊಳ್ಳದೆ ಇರುವುದು ಹೇಗೆ ಎಂಬುದನ್ನು ಮಾತ್ರ ಹೇಳಿಕೊಡಲಿಲ್ಲ. ಹೊಲಿಗೆ ಯಂತ್ರ ಒಳಗೇ ಉಳಿಯಿತು. ಅವಳು ಒಂದು ಚೀಲ ಬಟ್ಟೆ ಹಿಡಿದು ಹೊರಟಳು, ಮಗ ಅಪ್ಪನ ಸೀಟಿ ಹಿಡಿದು ಹೊರಟ.

ಮಗನಿಗೆ ಹನ್ನೆರಡು ವರ್ಷ. ಬಾಯಿ ಮುಚ್ಚದ ಹುಡುಗನಾದ್ದರಿಂದ ಅಪ್ಪನೇ ಗಿಣಿ ಎಂದು ಕರೆದಿದ್ದ, ಊರೂ ಹಾಗೇ ಕರೆಯಿತು. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಇಡೀ ಶಾಲೆಗೆ ಗೊತ್ತಿರುತ್ತಿತ್ತು. ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು ಎಂದು ಬಂದ ದಿನವೇ ಎಲ್ಲರಿಗೂ ಊದಿ ತೋರಿಸಿದ. ಚಾದರದ ಆಚೆ ಕಡೆ ಇದ್ದ ಕ್ಷೌರದಂಗಡಿಯವನ ಹೆಂಡತಿ, "ಇನ್ನೊಂದ್ಸಲ ಊದಿದ್ರೆ ನುಂಗಿಸ್ಬಿಡ್ತೀನಿ ನೋಡು" ಎಂದು ಹೆದರಿಸಿದಳು. ಆ ಶಾಲೆಯಲ್ಲಿ ಜಗಳವೆಲ್ಲ ಸದ್ದಿನದೇ. ಒಬ್ಬರ ರೇಡಿಯೋ ಇನ್ನೊಬ್ಬರಿಗೆ ಆಗದು, ಒಬ್ಬರ ಕೆಮ್ಮು ಯಾರಿಗೂ ಆಗದು.

ಊಟದ ವಿಷಯದಲ್ಲಿ ಮಾತ್ರ ಜಗಳವಿರಲಿಲ್ಲ. ಕೆಳಗಿನ ಅಡುಗೆಮನೆ ದೊಡ್ಡಮ್ಮನದು, ತನ್ನ ಬೀದಿಗೆ ಜ್ವರದ ಬೇಲಿ ಬಿದ್ದ ಮೇಲೆ ಅವಳ ವಾಸವೂ ಅಲ್ಲೇ. ಶಾಲೆಯ ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದ ಅದೇ ಹೆಂಗಸು ಈಗ ಅವರ ಅಪ್ಪ ಅಮ್ಮಂದಿರಿಗೆ ಹಾಕುತ್ತಿದ್ದಳು. ಆಸ್ಪತ್ರೆಯಲ್ಲಿ ಇರುವವರಿಗೂ ಡಬ್ಬಿ ತುಂಬಿ ಕೊಡುವಳು. ಹಾಲಿನ ವ್ಯಾನಿನವನು ಸಂಜೆ ಹಾಲು ಹಾಕಿ ಹಿಂತಿರುಗುವಾಗ ಆ ಡಬ್ಬಿಗಳನ್ನು ಒಯ್ದು, ಆಸ್ಪತ್ರೆಯ ಗೇಟಿನಲ್ಲಿ ಹಾಸಿಗೆ ನಂಬರು ಹೇಳಿ ಕೊಟ್ಟು, ಹಿಂದಿನ ದಿನದ್ದನ್ನು ತರುತ್ತಿದ್ದ. ಯಾರೂ ಅವನಿಗೆ ಹೇಳಿದ ಕೆಲಸವಲ್ಲ.

ಕಂಡಕ್ಟರನ ಡಬ್ಬಿ ಮೊದಮೊದಲು ಅರ್ಧ ವಾಪಸಾಗುತ್ತಿತ್ತು. ಆಮೇಲೆ ಮುಕ್ಕಾಲು. ಆಮೇಲೆ ಮುಚ್ಚಳ ತೆಗೆದರೆ ದೊಡ್ಡಮ್ಮನ ಸೌಟಿನ ಗುರುತು ಕೂಡ ಅಳಿಸದೆ ಹಾಗೇ ಇರುತ್ತಿತ್ತು. ಕಂಡಕ್ಟರಮ್ಮ ಅದನ್ನು ಗಿಣಿಯ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಸುರಿದು ಬರುತ್ತಿದ್ದಳು.

ಆ ದಿನಗಳಲ್ಲೇ ಮೂಲೆಯ ಕೋಣೆಯ ಹೆಂಗಸಿನ ಗಂಡ ತೀರಿಹೋದ. ಅವಳಿಗೂ ಗಿಣಿಯ ವಯಸ್ಸಿನ ಒಬ್ಬ ಮಗ. ಮೂರನೆಯ ದಿನ, ಈ ಶಾಲೆಯನ್ನು ನೋಡಿಕೊಳ್ಳುವ ಕಚೇರಿಯ ಮೇಡಂ ಬಂದರು. ಕೆಟ್ಟ ಹೆಂಗಸೇನಲ್ಲ, ಮೆತ್ತಗೆ ಮಾತಾಡುವವರು. ಶಾಲೆ ಇರುವುದು ಸಂಸಾರಸ್ಥರಿಗಂತೆ, ಒಂಟಿ ಹೆಂಗಸರಿಗೆ ಊರಾಚೆ ಹಾಸ್ಟೆಲಂತೆ, ಹಾಸ್ಟೆಲಿನಲ್ಲಿ ಹತ್ತು ದಾಟಿದ ಗಂಡುಹುಡುಗರನ್ನು ಇಟ್ಟುಕೊಳ್ಳುವುದಿಲ್ಲವಂತೆ. ಅವರಿಗೆ ಇನ್ನೆಲ್ಲೋ ಬೇರೆ ನಿಲಯ. ಬೀದಿ ಬೀದಿಗೆ ಬೇಲಿ ಹಾಕಿದ್ದ ಆ ಕಾಲದಲ್ಲಿ ಅಲ್ಲಿಂದ ಇಲ್ಲಿಗೆ ಬಂದು ನೋಡುವ ಮಾತೇ ಇಲ್ಲ. ತಾಯಿಯನ್ನು ಒಂದು ವ್ಯಾನಿಗೆ, ಮಗನನ್ನು ಇನ್ನೊಂದಕ್ಕೆ ಹತ್ತಿಸಿದರು. ತಾಯಿಯ ಕೂಗು ಗೇಟು ದಾಟಿದ ಮೇಲೂ ಕೇಳಿಸುತ್ತಿತ್ತು. ಆ ಹೊತ್ತು ಕಂಡಕ್ಟರಮ್ಮ ಗಿಣಿಯ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು.

ಅವಳಿಗೆ ಆಸ್ಪತ್ರೆಯಿಂದ ಫೋನು ಬಂದದ್ದು ಹಿತ್ತಲ ನಲ್ಲಿಯ ಬಳಿ. ಆ ಕಡೆಯ ದನಿ ಹೇಳಿದ್ದನ್ನೆಲ್ಲ ಕೇಳಿ "ಹೂಂ" ಎಂದಳು. ಬಕೆಟ್ಟು ತುಂಬಿ ನೀರು ಕಾಲಿನ ಮೇಲೆ ಹರಿಯುತ್ತಿತ್ತು. ಹಿಂದೆ ಕೊಡ ಹಿಡಿದು ನಿಂತಿದ್ದ ಕ್ಷೌರದವನ ಹೆಂಡತಿ, "ಏನ್ ಕಂಡಕ್ಟರಮ್ಮ, ನೀರೇನು ನಿಮ್ಮಪ್ಪನ ಮನೇದಾ?" ಎಂದಳು. "ತಪ್ಪಾಯ್ತು" ಎಂದು ಇವಳು ನಲ್ಲಿ ನಿಲ್ಲಿಸಿದಳು. ಮೇಲೆ ಹೋಗಿ ಗಂಡನ ಅಂಗಿ, ಪಂಚೆ ಚೀಲಕ್ಕೆ ತುಂಬಿ, ಬಟ್ಟೆ ಕೊಟ್ಟು ಬರುತ್ತೇನೆಂದು ಮಗನಿಗೆ ಹೇಳಿ ಹೊರಟಳು. ಆಸ್ಪತ್ರೆಗೆ ಎಂದದ್ದಕ್ಕೆ ಬೇಲಿಯವರು ಬಿಟ್ಟರು. ಆಸ್ಪತ್ರೆಯ ಗೇಟಿನ ಸರಳುಗಳ ಸಂದಿಯಿಂದ ಕಂಡದ್ದು ಸುತ್ತಿ ಕಟ್ಟಿದ ಒಂದು ಬಿಳಿ ಗಂಟು. ಅದು ನಿನ್ನ ಗಂಡ ಎಂದು ಅವರು ಹೇಳಿದರು, ಇವಳು ನಂಬಿದಳು. ಬಾಕಿಯದನ್ನು ಅವರೇ ಮಾಡಿ ಮುಗಿಸಿದರು.

ಹಿಂತಿರುಗಿ ಬರುವ ದಾರಿಯಲ್ಲಿ ಅತ್ತಳೇ ಎಂದರೆ, ಇಲ್ಲ. ಒಮ್ಮೆ ಅಳಲು ಹತ್ತಿದರೆ ನಿಲ್ಲುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗಿಣಿಗೆ ಹೇಳಿದರೆ ಇಡೀ ಶಾಲೆಗೆ ಹೇಳಿದ ಹಾಗೆ, ಶಾಲೆಗೆ ಹೇಳಿದರೆ ಎರಡು ವ್ಯಾನು ಬಂದ ಹಾಗೆ. ಆಸ್ಪತ್ರೆಯ ಕಚೇರಿಯ ಸುದ್ದಿ ಈ ಕಚೇರಿಗೆ ತಲುಪುವುದು ಅವರವರ ನಿದ್ದೆ ಮುಗಿದ ಮೇಲೆ. ಅಲ್ಲಿಯವರೆಗಾದರೂ ಮಗ ಪಕ್ಕದಲ್ಲಿರಲಿ. ತಂದ ಬಟ್ಟೆಯನ್ನು ನೀರಿಗದ್ದಿ, ಹಿಂಡಿ, ಎಲ್ಲರಿಗೂ ಕಾಣುವಂತೆ ಹಗ್ಗದ ಮೇಲೆ ಹರವಿದಳು. ಬದುಕಿರುವವನ ಬಟ್ಟೆಯಂತೆ ಅದು ಗಾಳಿಗೆ ಆಡಿತು.

ಮರುದಿನ ದೊಡ್ಡಮ್ಮ "ಡಬ್ಬಿ ಕೊಡೇ" ಎಂದು ಕೈ ಚಾಚಿದಾಗ ಇಲ್ಲವೆನ್ನಲು ಅವಳಿಗೆ ದಾರಿಯಿರಲಿಲ್ಲ. ಕೊಟ್ಟಳು. ದೊಡ್ಡಮ್ಮ ಎಂದಿನಂತೆ ಒತ್ತಿ ತುಂಬಿದಳು. ವ್ಯಾನಿನವನು ಒಯ್ದ. ನಾಳೆ ಬಂದು ಎಲ್ಲರೆದುರು ಏನನ್ನುತ್ತಾನೋ ಎಂದು ಅವಳು ಬೆಳಗಿನವರೆಗೆ ಮಗ್ಗುಲು ಬದಲಿಸಿದಳು. ಅವನು ಬಂದ, ಡಬ್ಬಿ ಕೊಟ್ಟ, ಹೋದ. ಮುಚ್ಚಳ ತೆಗೆದು ನೋಡಿದರೆ ಒಂದು ಅಗುಳೂ ಉಳಿದಿರಲಿಲ್ಲ. ತೊಳೆದು ಕೂಡ ಇತ್ತು.

ಆ ಖಾಲಿ ಡಬ್ಬಿಯನ್ನು ಗಿಣಿ ನೋಡಿಬಿಟ್ಟ. "ಅಮ್ಮಾ, ಅಪ್ಪ ಎಲ್ಲಾ ತಿಂದಿದಾನೆ" ಎಂದವನೇ ಡಬ್ಬಿ ಎತ್ತಿಕೊಂಡು ಕೋಣೆ ಕೋಣೆಗೂ ಹೋಗಿ ತೋರಿಸಿ ಬಂದ. ಮರುದಿನವೂ ಖಾಲಿ, ಅದರ ಮರುದಿನವೂ ಖಾಲಿ. ಜೀವವಿದ್ದಾಗ ತುಂಬಿ ಬರುತ್ತಿದ್ದ ಡಬ್ಬಿ ಜೀವ ಹೋದ ಮೇಲೆ ಬರಿದಾಗಿ ಬರುತ್ತಿತ್ತು. ಮಗ ಕುಣಿಯುವುದನ್ನು ನೋಡಿ ತಾಯಿ ನಗಬೇಕಾಯಿತು. ವಾರ್ಡಿನಲ್ಲಿ ಯಾರೋ ಹೊಟ್ಟೆಬಾಕ ತಿನ್ನುತ್ತಿರಬೇಕು ಎಂದುಕೊಂಡಳು. ಅವನ ಮೇಲೆ ಸಿಟ್ಟೂ ಬಂತು, ದಿನಾ ಹೀಗೇ ತಿನ್ನಲಪ್ಪಾ ಎಂದು ಬೇಡಿಕೊಳ್ಳುವಂತೆಯೂ ಆಯಿತು.

ಒಂದು ದಿನ ವ್ಯಾನು ಹೋದ ಮೇಲೆ ಗಿಣಿ ಅವಳ ಕಿವಿಗೆ ಬಾಯಿಟ್ಟು, "ಡಬ್ಬೀಲಿ ಸೀಟಿ ಇಟ್ಟಿದೀನಿ. ಹುಷಾರಾದ್ನಲ್ಲ, ಊದ್ಲಿ" ಎಂದ. ಮಾರನೆಯ ದಿನ ಡಬ್ಬಿ ಬಂತು, ಸೀಟಿ ಬರಲಿಲ್ಲ. "ಅಪ್ಪ ಇಟ್ಕೊಂಡ" ಎಂದು ಹುಡುಗ ಹಿಗ್ಗಿದ.

ಮೇಡಂ ಮತ್ತೆ ಬಂದದ್ದು ಒಂದು ಸಂಜೆ, ವ್ಯಾನಿನವನು ಡಬ್ಬಿಗಳನ್ನು ಹಂಚುತ್ತಿದ್ದ ಹೊತ್ತಿಗೆ. ಜೊತೆಯಲ್ಲಿ ದೊಡ್ಡಮ್ಮನೂ ಮೆಟ್ಟಿಲು ಹತ್ತಿ ಬಂದಳು. ಮೇಡಂ ಬಾಗಿಲಲ್ಲೇ ನಿಂತು, "ನಿಮ್ಮ ಯಜಮಾನ್ರು ಇನ್ನೂ ಆಸ್ಪತ್ರೇಲೇ ಇದಾರಾ? ಹೇಗಿದಾರೆ?" ಎಂದರು.

ಇಷ್ಟು ದಿನ ಅವಳು ಸುಮ್ಮನಿದ್ದಳೇ ಹೊರತು ಗಂಡ ಇದ್ದಾನೆಂದು ಬಾಯಿ ಬಿಟ್ಟು ಸುಳ್ಳು ಹೇಳಿರಲಿಲ್ಲ. ಇದ್ದಾರೆ ಎಂಬ ಒಂದು ಮಾತು ಸಾಕಿತ್ತು, ಆ ಮಾತೇ ಬರಲಿಲ್ಲ. ಮೇಡಂ ಮುಖದಲ್ಲಿ ಅನುಮಾನ ಮೂಡುವುದು ಅವಳಿಗೆ ಕಾಣಿಸುತ್ತಿತ್ತು.

"ನಮ್ಮಪ್ಪ ಎಲ್ಲಾ ಊಟಾನೂ ಖಾಲಿ ಮಾಡ್ತಾನೆ ಮೇಡಂ, ಬೇಕಿದ್ರೆ ಈ ಅಣ್ಣನ್ನ ಕೇಳಿ" ಎಂದ ಗಿಣಿ.

ಮೇಡಂ ವ್ಯಾನಿನವನ ಕಡೆ ತಿರುಗಿದರು. ಅವನು ಕೈಯಲ್ಲಿದ್ದ ಡಬ್ಬಿಯನ್ನು ಅಲ್ಲಾಡಿಸಿದ. "ನೋಡಿ, ಇವತ್ತೂ ಖಾಲಿ. ಆ ಹಾಸಿಗೆಯವನು ಚೆನ್ನಾಗಿ ತಿಂತಿದಾನೆ ಮೇಡಂ. ನಾನೇ ಕೊಟ್ಟು ಬರ್ತೀನಲ್ಲ."

"ಈಗೀಗ ಸಾಲೋದೇ ಇಲ್ಲ ಅಂತಾನೆ, ಎರಡು ಸೌಟು ಜಾಸ್ತಿ ಹಾಕ್ತಿದೀನಿ" ಎಂದಳು ದೊಡ್ಡಮ್ಮ. "ಬನ್ನಿ ಮೇಡಂ, ಉಗ್ರಾಣ ನೋಡ್ಬೇಕು ಅಂದ್ರಲ್ಲ, ಕತ್ತಲಾಗುತ್ತೆ." ಹಾಗೆನ್ನುತ್ತ ಅವರನ್ನು ಕೆಳಗೆ ಕರೆದುಕೊಂಡೇ ಹೋದಳು. ತನ್ನ ಮಾತು ನಡೆಯಿತೆಂದು ಗಿಣಿಯೂ ಹಿಂದೆಯೇ ಓಡಿದ.

ಅವಳು ವ್ಯಾನಿನವನನ್ನೇ ನೋಡಿದಳು. ಗೇಟಿನಲ್ಲಿ ನಂಬರು ಹೇಳಿ ಡಬ್ಬಿ ಕೊಡುವವನು ಇವನು. ಆ ನಂಬರಿನವನು ಇಲ್ಲವೆಂದು ಮೊದಲ ದಿನವೇ ಗೇಟಿನವರು ಇವನಿಗೆ ಹೇಳಿರಬೇಕು. ಇದು ತನಗೆ ಯಾಕೆ ಹೊಳೆಯಲಿಲ್ಲ?

"ನಿಮಗೆ ಗೊತ್ತಿತ್ತಾ ಅಣ್ಣ?"

ಅವನು ತಲೆ ತಗ್ಗಿಸಿದ. "ಅದೇ ಹಾಸಿಗೆಗೆ ಬೇರೊಬ್ಬ ಬಂದಿದ್ದ ತಂಗಿ. ಅವನಿಗೆ ಹಿಂದಿಲ್ಲ ಮುಂದಿಲ್ಲ. ಡಬ್ಬಿ ಅವನಿಗೇ ಕೊಟ್ಟೆ. ಅವನು ಬದುಕ್ಕೋತಾನಂತೆ." ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ನೀನಾಗಿ ಹೇಳೋವರೆಗೂ ಯಾರೂ ಉಸಿರೆತ್ತಬಾರ್ದು ಅಂದ್ರು ದೊಡ್ಡಮ್ಮ. ಅವರ ಮನೆ ಹಿಂದೆ ಒಂದು ಕೋಣೆ ಇದೆಯಂತೆ. ಅವರ ಬೀದಿಗೆ ಹಾಕಿರೋ ಬೇಲಿ ತೆಗೆದ ದಿನ ನೀವಿಬ್ಬರೂ ಅಲ್ಲಿಗೆ. ಅಲ್ಲೀವರೆಗೆ ಹೇಗಾದ್ರೂ ಇಲ್ಲೇ ತಳ್ಳಬೇಕು ಅಂತ."

ಚಾದರ ಸರಿಸಿ ಕ್ಷೌರದವನ ಹೆಂಡತಿ ಈಚೆ ಬಂದಳು. "ನಂಗೆ ಅವತ್ತು ನಲ್ಲಿ ಹತ್ರಾನೇ ಗೊತ್ತಾಯ್ತು ಕಣೇ. ಅಷ್ಟು ಬೈದ್ರೂ ನೀನು ತಿರುಗಿ ಬೈಲಿಲ್ಲ."

ವ್ಯಾನಿನವನು ಜೇಬಿಗೆ ಕೈ ಹಾಕಿದ. "ಇದೊಂದು ನನ್ನ ಹತ್ರ ಇಟ್ಕೊಳ್ಳೋಕೆ ಆಗ್ತಿಲ್ಲ" ಎಂದು ಸೀಟಿಯನ್ನು ಅವಳ ಅಂಗೈಯಲ್ಲಿಟ್ಟ.

ಅದು ಅವನ ಜೇಬಿನಲ್ಲಿದ್ದು ಬೆಚ್ಚಗಿತ್ತು. ಗಂಡ ಮನೆಗೆ ಬಂದು ಅಂಗಿ ಕಳಚುವಾಗ ಅವಳ ಕೈಗೆ ಕೊಡುತ್ತಿದ್ದ ಹಾಗೆಯೇ ಬೆಚ್ಚಗಿತ್ತು. ಇಷ್ಟು ದಿನ ಒತ್ತಿ ಹಿಡಿದದ್ದು ಆಗ ಕಿತ್ತುಕೊಂಡು ಬಂತು. ಮೊದಲ ಕೂಗಿಗೇ ಅವಳು ಬಾಯಿಗೆ ಸೆರಗು ತುರುಕಿಕೊಂಡಳು, ಅಳು ನಿಲ್ಲಲಿಲ್ಲ. ಮೇಡಂ ಇನ್ನೂ ಕೆಳಗೇ ಇದ್ದರು.

"ಅಳು, ಅತ್ತುಬಿಡು" ಎಂದವಳೇ ಕ್ಷೌರದವನ ಹೆಂಡತಿ ತೊಳೆದಿಟ್ಟಿದ್ದ ತಟ್ಟೆಗಳ ಅಟ್ಟಿಯನ್ನು ನೆಲಕ್ಕೆ ಕೆಡವಿದಳು. ಅವಳ ಗಂಡ ಬೆಂಚನ್ನು ದರದರ ಎಳೆಯತೊಡಗಿದ. ಪಕ್ಕದ ಕೋಣೆಯ ಮುದುಕರು, ದಿನಾ ಸದ್ದು ಸದ್ದು ಎಂದು ಸಿಡುಕುತ್ತಿದ್ದವರು, ರೇಡಿಯೋವನ್ನು ಕಿವಿ ಹರಿಯುವಷ್ಟು ಜೋರು ಮಾಡಿದರು. ಆಚೆ ಕೋಣೆಯಲ್ಲಿ ಯಾರೋ ಬಕೆಟ್ಟು ಬಡಿಯತೊಡಗಿದರು. ಅಷ್ಟು ಸದ್ದಿನ ನಡುವೆ ಅವಳು ಗಂಡನನ್ನು ಕೂಗಿ ಕೂಗಿ ಅತ್ತಳು.

ತಲೆ ಎತ್ತಿದಾಗ ಗಿಣಿ ಬಾಗಿಲಲ್ಲಿದ್ದ. ಅವನ ಕಣ್ಣು ಅವಳ ಅಂಗೈಯ ಮೇಲಿತ್ತು. ಅಪ್ಪನ ಬಳಿ ಇರಬೇಕಾದ ಸೀಟಿ ಅಲ್ಲಿತ್ತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಹುಡುಗ ಒಂದೂ ಪ್ರಶ್ನೆ ಕೇಳದೆ ಬಂದು ಅಮ್ಮನಿಗೆ ಒತ್ತಿ ಕೂತ.

"ಏನಮ್ಮಾ ಅದು, ಮೇಲೆ ಗಲಾಟೆ?" ಎಂದು ಮೇಡಂ ಕೇಳುವುದು ಅಂಗಳದಿಂದ ಕೇಳಿಸಿತು. ಮೆಟ್ಟಿಲ ಕಡೆ ಹೆಜ್ಜೆ ತಿರುಗಿದ ಸದ್ದೂ ಬಂತು.

ಗಿಣಿ ಅಮ್ಮನ ಬೆರಳು ಬಿಡಿಸಿ ಸೀಟಿ ತೆಗೆದುಕೊಂಡ. ಕಿಟಕಿಗೆ ಹೋಗಿ, ಸರಳು ಹಿಡಿದು, ಇದ್ದ ಉಸಿರನ್ನೆಲ್ಲ ಕೊಟ್ಟು ಎರಡು ಸಲ ಊದಿದ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಕಂಡಕ್ಟರ್ ಮಗ ಅಲ್ವಾ ಮೇಡಂ" ಎಂದಳು ಕೆಳಗಿನಿಂದ ದೊಡ್ಡಮ್ಮ, ಮಹಡಿಯವರೆಗೂ ಕೇಳುವ ಹಾಗೆ. "ಬಸ್ ಹೊರಡಿಸ್ತಿದಾನೆ."

ಮೇಡಂ ನಗುತ್ತ ಗೇಟಿನ ಕಡೆ ನಡೆದರು. ಅವರು ಬೀದಿ ತಿರುಗುವವರೆಗೂ ಹುಡುಗ ಊದುತ್ತಲೇ ಇದ್ದ, ಅಪ್ಪ ಕಲಿಸಿದ ಹಾಗೆ, ಎರಡೆರಡು ಸಲ.