ಹಲ್ಲು ಮುರಿಯುವ ಸಾಲು

ನಮ್ಮ ಚರ್ಚಿನಲ್ಲಿ ಬೈಬಲ್ಲಿನ ಕೀರ್ತನೆ ಓದುವುದಕ್ಕೊಂದು ಕ್ರಮವಿದೆ. ಒಂದು ಸಾಲು ಎಡಗಡೆ ಕೂತವರಿಗೆ, ಮುಂದಿನದು ಬಲಗಡೆಯವರಿಗೆ. ನಾನು ಮೊದಲಿಂದಲೂ ಎಡಗಡೆಯವನು. ಆದರೆ ದುಷ್ಟರ ಹಲ್ಲು ಮುರಿಯಪ್ಪ ಎಂದು ದೇವರನ್ನು ಬೇಡುವ ಸಾಲು ಬಲಗಡೆಗೆ ಬೀಳುತ್ತದೆಂದು ಲೆಕ್ಕ ಹಾಕಿ, ಆ ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ ಬಲಗಡೆಯ ಬೆಂಚು ಹಿಡಿದೆ. ಆಮೇಲೆ ನಡುವಿನ ದಾರಿಯಾಚೆ, ಎಡಗಡೆಯಲ್ಲಿ, ಅಕ್ಕನ ಗಂಡ, ನಮ್ಮ ಭಾವ, ಬಂದು ಕೂತರು. ಭಾವ ಹಲ್ಲಿನ ಡಾಕ್ಟರು.

ನಾನು ಬಡಗಿ. ಅವರ ಕ್ಲಿನಿಕ್ಕಿಗೆ ನಾನು ಮಾಡಿಕೊಟ್ಟ ಡ್ರಾಯರುಗಳು ಬಿಗಿಯಾದವೆಂದು ಭಾವ ನನಗೊಂದು ಮಾತೂ ಹೇಳದೆ ಬೇರೆ ಬಡಗಿಯನ್ನು ಕರೆಸಿ ಅಂಚು ಹೆರೆಸಿದ್ದರು. ಮೈಯೆಲ್ಲ ಉರಿದುಹೋಯಿತು. ಅವತ್ತು ಬಿಟ್ಟ ಮಾತು ಎರಡು ವರ್ಷವಾದರೂ ಹಾಗೇ. ಭಾವ ಹೋದರೆ ಹೋಗಲಿ, ಅವರ ಜೊತೆ ಅಕ್ಕನೂ ಹೋದಳು. ನನ್ನನ್ನು ಎತ್ತಿ ಆಡಿಸಿದವಳು ಈಗ ಚರ್ಚಿನ ಬಾಗಿಲಲ್ಲಿ ಮುಖ ತಿರುಗಿಸುತ್ತಿದ್ದಳು. ಅದನ್ನು ನೆನೆದರೆ ಸಂಕಟವಾಗುತ್ತಿತ್ತು. ಹಾಗಂತ ಮೊದಲು ನಾನೇ ಬಗ್ಗಬೇಕೆ?

"ರೀ, ಶತ್ರುವನ್ನ ಪ್ರೀತಿಸಿ ಅಂತಾನೂ ಅದೇ ಬೈಬಲ್ಲಲ್ಲಿದೆ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

"ಅದು ಕೊನೇ ಕಡೆ ಇದೆ. ನಾವಿನ್ನೂ ಅಲ್ಲಿಗೆ ಬಂದಿಲ್ಲ."

ಸಾಲು ಬಂತು. ಭಾವನ ಕಡೆ ತಿರುಗಿ ಗಂಟಲು ಹರಿಯುವಂತೆ ಓದಿ, ಕಟಕಟ ಹಲ್ಲು ಕಚ್ಚಿದೆ. ವಾರದಿಂದ ನೋಯುತ್ತಿದ್ದ ದವಡೆಹಲ್ಲು ಒಡೆದು, ಅದರ ಅರ್ಧ ಚೂರು ನಾಲಿಗೆಯ ಮೇಲೆ ಬಿತ್ತು. ಕಣ್ಣು ಕತ್ತಲೆ ಬಂತು.

"ದೇವರು ತಕ್ಷಣ ಕೇಳಿಸ್ಕೊಂಡ. ಬಾಯಿ ಮಾತ್ರ ಅದಲುಬದಲಾಯ್ತು," ಎಂದು ಹೆಂಡತಿ ಕರವಸ್ತ್ರದೊಳಗೆ ನಕ್ಕಳು.

ಊರಿಗೆಲ್ಲ ಇರುವುದು ಒಬ್ಬರೇ ಹಲ್ಲಿನ ಡಾಕ್ಟರು. ಹೆಂಡತಿಯೇ ಹೋಗಿ ಕೇಳಿದಳು. ರಜೆಯ ದಿನವಾದರೂ ಭಾವ ಕ್ಲಿನಿಕ್ಕು ತೆರೆದರು. ನನ್ನನ್ನು ಕುರ್ಚಿಯಲ್ಲಿ ಒರಗಿಸಿ ಅವರು ಸೂಜಿ ಎತ್ತಿಕೊಂಡಾಗ ಜೀವ ಬಾಯಿಗೆ ಬಂತು. ಇಕ್ಕಳ ಅವರದು, ಬಾಯಿ ನನ್ನದು. ಸೇಡು ತೀರಿಸಿಕೊಳ್ಳುವವನಿಗೆ ಇನ್ನೇನು ಬೇಕು? ಆದರೆ ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ.

"ಆ ಸಾಲು ನಾನೂ ಓದ್ತೀನಿ," ಎಂದರು ಭಾವ. "ಮನೇಲಿ, ಬಾಗಿಲು ಹಾಕ್ಕೊಂಡು, ನಿನ್ನ ಹೆಸರು ಸೇರಿಸಿ. ಇಂಥ ಮಾತು ಬೈಬಲ್ಲಲ್ಲಿ ಯಾಕಪ್ಪ ಇದೆ ಅಂತ ಮೊದಮೊದಲು ಭಯ ಆಗ್ತಿತ್ತು. ಆಮೇಲೆ ಅನ್ನಿಸ್ತು, ಸಿಟ್ಟನ್ನೆಲ್ಲ ದೇವರ ಮುಂದೆ ಕಕ್ಕಲಿ ಅಂತಾನೇ ಇಟ್ಟಿರಬೇಕು. ಹೊಡೆಯೋದು, ಬಿಡೋದು ಅವನಿಗೆ ಸೇರಿದ್ದು. ಅಲ್ಲಿ ಬೈದು ಬಂದ್ರೆ ಇಲ್ಲಿ ನನ್ನ ಕೈ ನಡುಗಲ್ಲ. ನಿನ್ನನ್ನ ಕೇಳದೆ ಬೇರೆಯವನನ್ನ ಕರೆಸಿದ್ದು ತಪ್ಪೇ. ಬಾಯಿ ಇನ್ನೂ ಸ್ವಲ್ಪ ತೆಗಿ."

ಬಾಯಿ ತೆಗೆದುಕೊಂಡೇ ನಾಚಿಕೆಪಟ್ಟೆ. ದೇವರ ಮುಂದೆ ನಾನೂ ಬೈದಿದ್ದೆ. ಆದರೆ ಬೈದದ್ದನ್ನು ಅಲ್ಲಿ ಬಿಡದೆ ಪ್ರತಿ ಸಲ ಮನೆಗೆ ಹೊತ್ತು ತಂದಿದ್ದೆ.

ಹಲ್ಲು ಕಿತ್ತು, ಹತ್ತಿ ಇಟ್ಟು, "ಸ್ವಲ್ಪ ಹೊತ್ತು ಮಾತಾಡಬೇಡ," ಎಂದು ಭಾವ ಕೈ ತೊಳೆಯಲು ಹೋದರು. ಇದಕ್ಕೇ ಕಾದಿದ್ದಳೋ ಏನೋ, ಒಳಬಾಗಿಲಿಂದ ಅಕ್ಕ ಬಂದಳು.

"ಮಾತಾಡಬಾರದಂತಲ್ಲ? ಒಳ್ಳೇದಾಯ್ತು, ಕೇಳು."

ಕತ್ತೆ ಎಂದಳು, ಕೋಣ ಎಂದಳು. ಡ್ರಾಯರಿಗಿಂತ ಅಕ್ಕ ಕಡೆಯಾದಳಾ ಎಂದಳು. ತಾನು ಜ್ವರ ಬಂದು ಮಲಗಿದ್ದರೂ ಇಣುಕಿ ನೋಡಲಿಲ್ಲವಲ್ಲೋ ಎಂದಳು. ಬೈಗುಳ ಮುಗಿಯಲಿಲ್ಲ, ಮುಗಿಯುವುದು ನನಗೂ ಬೇಡವಾಗಿತ್ತು. ಬೈಯುತ್ತಲೇ ನನ್ನ ತುಟಿಯಂಚಿನ ರಕ್ತ ಒರೆಸಿದಳು. ಆ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡೆ. ಆ ಕಡೆ ಮರಗಟ್ಟಿತ್ತು, ಏನೂ ತಿಳಿಯಲಿಲ್ಲ. ಇನ್ನೊಂದು ಕೆನ್ನೆಗೆ ಒತ್ತಿಕೊಂಡೆ. ಅಕ್ಕನ ಕೈ ಬೆಚ್ಚಗಿತ್ತು.