ಎಡಗಡೆಯ ಜಾಗ

ಮಣ್ಣಿಗೆ ಬಂದವರಿಗೆ ಹಂಚಲು ಉರ್ಕಿಯಾ ಬಿಳಿ ಬಟ್ಟೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರೆಂದು ಹರಿಯುತ್ತಿದ್ದಾಗ, ಕಿಟಕಿಯಲ್ಲಿ ನಿಂತಿದ್ದ ಓರಗಿತ್ತಿ ಮಾಯ್ಸರಾ ತಿರುಗಿದಳು.

"ಅಕ್ಕ, ಆ ಒಕ್ಕಣ್ಣ ಬಂದಿದ್ದಾನೆ."

"ಎಲ್ಲಿ?"

"ಎಲ್ಲರ ಹಿಂದೆ, ಬೆಂಚಿನ ಹತ್ರ. ಈ ಚಳೀಲೂ ಟೋಪಿ ತೆಗೆದು ಕೈಲಿ ಹಿಡ್ಕೊಂಡಿದ್ದಾನೆ."

"ರಷ್ಯನ್ನರು ಹಾಗೇ. ಸತ್ತೋರ ಮುಂದೆ ತಲೆ ಬರಿದು ಮಾಡ್ತಾರೆ."

"ತಲೆ ಏನಾದ್ರೂ ಮಾಡ್ಕೊಳ್ಳಲಿ. ಬಾಯಿ ಬಿಟ್ರೆ ಏನು ಗತಿ? ಇವರಿಗೆ ಹೇಳ್ಲಾ? ಅವನನ್ನ ಆಚೆ ಕರ್ಕೊಂಡು ಹೋಗಿ ಒಂದು ಬಟ್ಟಲು ಚಹಾ ಕುಡಿಸ್ಲಿ. ಅಷ್ಟರಲ್ಲಿ ಮುಲ್ಲಾ ಕೇಳೋದು ಮುಗಿದಿರುತ್ತೆ."

ಉರ್ಕಿಯಾಳ ಕೈ ನಿಂತಿತು. ಹೆಣ ಎತ್ತುವ ಮೊದಲು ಮುಲ್ಲಾ ಕೇಳಿಯೇ ಕೇಳುತ್ತಾರೆ: ಇವನಿಂದ ಯಾರಿಗಾದರೂ ನೋವಾಗಿದೆಯೇ, ಇವನ ಮೇಲೆ ಯಾರದಾದರೂ ಋಣವಿದೆಯೇ? ಆಗ ಒಬ್ಬ ನಿಂತು 'ನಾನು ಬಿಡಲಾರೆ' ಎಂದರೆ ಆ ಭಾರ ಹೆಣದ ಜೊತೆಗೇ ಮಣ್ಣಿಗೆ ಇಳಿಯುತ್ತದೆ. ಗಂಡ ತೊಲೆಗೆನ್ ಹೆದರಿದ್ದು ಇದೊಂದಕ್ಕೇ. ಹಾಸಿಗೆ ಹಿಡಿದ ಮೇಲೂ ಕೇಳಿದ್ದ, "ವಿತಾಲಿ ಬರ್ತಾನಾ?" ಬರಲಿ ಎಂದು ಕೇಳಿದನೋ ಬೇಡವೆಂದೋ ಅವಳಿಗೆ ತಿಳಿದಿರಲಿಲ್ಲ.

"ಬೇಡ," ಎಂದಳು. "ಅವನನ್ನ ಆಚೆ ಕಳಿಸಿ ಕೇಳೋದಾದ್ರೆ ಯಾಕೆ ಕೇಳ್ಬೇಕು? ನಿಲ್ಲಲಿ ಬಿಡು."

* * *

ಕಾರ್ಖಾನೆಯ ಐಸ್ ಹಾಕಿ ತಂಡದಲ್ಲಿ ತೊಲೆಗೆನ್ ಎಡಗಡೆ, ವಿತಾಲಿ ಬಲಗಡೆ. ಗೋಲಿನ ಮುಂದೆ ಈ ಜೋಡಿ ನಿಂತರೆ ನಡುವೆ ಗಾಳಿ ನುಸುಳಲೂ ಸಂದಿಲ್ಲ ಎನ್ನುತ್ತಿತ್ತು ಊರು. ವಿತಾಲಿ ಎಡಕ್ಕೆ ಕತ್ತು ತಿರುಗಿಸುತ್ತಲೇ ಇರಲಿಲ್ಲ. "ಆ ಕಡೆ ನೋಡೋದು ತೋಲಿಕ್‌ನ ಕೆಲಸ, ನಾನ್ಯಾಕೆ ಕತ್ತು ನೋಯಿಸ್ಕೊಳ್ಲಿ?" ಎನ್ನುತ್ತಿದ್ದ. ತೊಲೆಗೆನ್‌ನನ್ನು ತೋಲಿಕ್ ಎಂದು ಕರೆಯುತ್ತಿದ್ದವನು ಅವನೊಬ್ಬನೇ.

ಒಂದು ಚಳಿಗಾಲ ಮಾಸ್ಕೋದ ದೊಡ್ಡ ತಂಡದವರು ಬಂದರು. ಅವರಿಗೆ ಬೇಕಾಗಿದ್ದು ಒಬ್ಬನೇ. ಅಭ್ಯಾಸದಲ್ಲಿ ಇಬ್ಬರನ್ನೂ ಎದುರುಬದುರು ಬಿಟ್ಟು ನೋಡಿದರು. ಮೂಲೆಯ ಹಲಗೆಗೋಡೆಯ ಹತ್ತಿರ ತೊಲೆಗೆನ್‌ನ ಸ್ಟಿಕ್ ಮೇಲೆದ್ದಿತು. ವಿತಾಲಿಯ ಎಡಗಣ್ಣು ಹೋಯಿತು.

ಮಾಸ್ಕೋಗೆ ತೊಲೆಗೆನ್ ಹೋದ. ವಸಂತಕ್ಕೆ ಮೊದಲೇ ವಾಪಸು ಬಂದ. "ನನ್ನ ಬಲಗಡೆ ಯಾರೋ ಇದ್ದ. ಅವನು ಯಾರೂಂತ ಕೊನೇವರೆಗೂ ಗೊತ್ತಾಗ್ಲಿಲ್ಲ," ಎಂದಷ್ಟೇ ಹೇಳಿದ. ಮಂಡಿ ಸೋಲುವವರೆಗೆ ಊರ ತಂಡಕ್ಕೇ ಆಡಿದ. ಆಮೇಲೆ ಪಿಂಚಣಿವರೆಗೆ ಅದೇ ಅಂಕಣದಲ್ಲಿ ಐಸು ನುಣುಪು ಮಾಡುವ ಯಂತ್ರ ಓಡಿಸಿದ.

ಉರ್ಕಿಯಾ ಒಮ್ಮೆ ಮಾತ್ರ ಕೇಳಿದ್ದಳು. "ಬೇಕಂತಲೇ ಎತ್ತಿದ್ರಾ?"

ತೊಲೆಗೆನ್ ಮುಂದಿನ ಕಟ್ಟುಹಲ್ಲು ತೆಗೆದು ಬಟ್ಟಲಿಗೆ ಹಾಕಿದ. ಆಟಕ್ಕಿಳಿಯುವ ಮುಂಚೆ ಹಾಗೆ ಮಾಡುತ್ತಿದ್ದ.

"ಗೊತ್ತಿಲ್ಲ ಕಣೇ. ಅದೇ ಕಷ್ಟ. ಆ ಸ್ಟಿಕ್ಕಿಗೆ ಗೊತ್ತಿರ್ಬೇಕು. ಪಂದ್ಯ ಆಗಿದ್ರೆ ಸೀಟಿ ಊದಿ, ಶಿಕ್ಷೆಯ ಬೆಂಚಿನಲ್ಲಿ ಐದು ನಿಮಿಷ ಕೂಡಿ ಹಾಕೋರು. ಹೊತ್ತು ಮುಗಿದ್ರೆ ಬಾಗಿಲು ತೆಗೆಯೋರು. ಅವತ್ತು ಬರೀ ಅಭ್ಯಾಸ. ನನ್ನ ಯಾರೂ ಕೂರಿಸ್ಲೇ ಇಲ್ಲ."

ಪಿಂಚಣಿಯಾದ ಮೇಲೆ ತಾನೇ ಹೋಗಿ ಕುಳಿತ. ಅಂಗಳದಾಚೆ, ವಿತಾಲಿಯ ಮನೆಬಾಗಿಲ ಎದುರಿನ ಬೆಂಚಿನ ಎಡತುದಿಯಲ್ಲಿ. ದಿನವೂ. ಅಲ್ಲಿ ಬಿಸಿಲೇ ಬೀಳುತ್ತಿರಲಿಲ್ಲ. "ಬಿಸಿಲಿಗೆ ಬೆನ್ನು ಕಾಯಿಸೋರನ್ನ ನೋಡಿದ್ದೀನಿ, ನೆರಳಿಗೆ ಕಾಯಿಸೋರು ನಮ್ಮ ಭಾವ ಒಬ್ಬರೇ," ಎಂದು ಮಾಯ್ಸರಾ ನಗುತ್ತಿದ್ದಳು. ಆ ಮನೆಯ ಮೇಲಿನ ಕಿಟಕಿಯಲ್ಲಿ ಪರದೆ ಅಲುಗುತ್ತಿತ್ತು. ವಿತಾಲಿ ಮಾತ್ರ ಹಿಂಬಾಗಿಲಿನಿಂದ ಓಡಾಡುತ್ತಿದ್ದ.

* * *

ವಿಧವೆ ಗೋಡೆಗೆ ಮುಖ ಮಾಡಿ ಕೂರಬೇಕು. ಉರ್ಕಿಯಾ ಎದ್ದು ಕಿಟಕಿಗೆ ಬಂದಳು. ಯಾರೂ ತಡೆಯಲಿಲ್ಲ. ಗಾಜಿನ ಮೇಲಿನ ಪುಟ್ಟ ಗವಾಕ್ಷಿ ತೆರೆದಿತ್ತು, ಅದರಿಂದ ಚಳಿಯೂ ಮಾತೂ ಒಳಗೆ ಬರುತ್ತಿದ್ದವು.

"ಇವನು ಎಂಥ ಮನುಷ್ಯ?" ಮುಲ್ಲಾ ಕೇಳಿದರು. ಇನ್ನೂ ಹುಡುಗುಮುಖದ ಮುಲ್ಲಾ.

"ಒಳ್ಳೆಯ ಮನುಷ್ಯ," ಎಂದಿತು ಅಂಗಳ.

"ಇವನಿಂದ ನೊಂದವರು, ಇವನಿಗೆ ಸಾಲ ಕೊಟ್ಟವರು ಇದ್ದರೆ ಈಗಲೇ ಹೇಳಿ."

"ಏನಿದ್ರೂ ನನ್ನ ಕೊರಳಿಗೆ, ನಾನು ತೀರಿಸ್ತೀನಿ," ಎಂದ ಮೈದುನ, ಮಾಯ್ಸರಾಳ ಗಂಡ ಸೆಯಿಲ್ಖಾನ್.

ಟೋಪಿಗಳ ಸಾಲಿನ ಹಿಂದೆ ಒಂದು ಬರಿದಲೆ ಅಲುಗಿತು. ಸಾಲು ತಾನಾಗಿ ಸೀಳಿ ದಾರಿ ಬಿಟ್ಟಿತು.

"ನಂದಿದೆ," ಎಂದ ವಿತಾಲಿ.

ಮಾಯ್ಸರಾ ಉರ್ಕಿಯಾಳ ತೋಳು ಹಿಡಿದಳು. ಕೆಳಗೆ ಸೆಯಿಲ್ಖಾನ್ ಅವನತ್ತ ತಿರುಗಿದ. "ಹೇಳಿ, ಅಣ್ಣ. ನನ್ನ ಕೊರಳಿಗೆ ಅಂದ್ನಲ್ಲ."

"ನಿನ್ನ ಕೊರಳು ಯಾಕಪ್ಪಾ? ನೀನು ಸ್ಕೇಟ್ ಕಟ್ಟಿದೋನೇ ಅಲ್ಲ."

ಯಾರೋ ನಗು ನುಂಗಿಕೊಂಡರು. ವಿತಾಲಿ ಶವದ ಎದುರು ನಿಂತ.

"ಇವನು ನನ್ನ ಕಣ್ಣು ತೆಗೆದ."

ಉರ್ಕಿಯಾ ಕೈಯಲ್ಲಿದ್ದ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿದಳು. ಬಿಟ್ಟೆ ಎಂದೋ ಬಿಡಲಾರೆ ಎಂದೋ, ಇನ್ನೊಂದೇ ಮಾತು ಬರಬೇಕಾಗಿತ್ತು.

"ಅದಕ್ಕೆ ಐದು ನಿಮಿಷ," ಎಂದ ವಿತಾಲಿ. "ಇವನು ಎಷ್ಟು ಚಳಿಗಾಲ ಕೂತ ಅಂತ ನೀವೆಲ್ಲ ನೋಡಿದ್ದೀರಿ. ನಾನೂ ನೋಡ್ತಾನೇ ಇದ್ದೆ, ಮೇಲಿಂದ. ಹೊತ್ತು ಯಾವತ್ತೋ ಮುಗಿದಿತ್ತು. ಬಾಗಿಲು ತೆಗೀಬೇಕಾದೋನು ನಾನು. ತೆಗೀಲಿಲ್ಲ."

ಮುಲ್ಲಾಗೆ ಅರ್ಥವಾಗಲಿಲ್ಲ. "ಅಂದರೆ ಋಣ ಬಿಟ್ಟಿರೋ, ಇಲ್ಲವೋ?"

"ಇವನ ಮೇಲೆ ನಂದೇನೂ ಇಲ್ಲ. ಇವನದು ನನ್ನ ಮೇಲಿದೆ. ಅದನ್ನ ಯಾರ ಕೊರಳಿಗೆ ಹಾಕ್ತೀರಿ, ಹೇಳಿ."

ಸೆಯಿಲ್ಖಾನ್ ಬಾಗಿ ಶವದ ಕಾಲ ಕಡೆ ಹಿಡಿದ. ಮಿಕ್ಕವರೂ ಕೈ ಹಾಕಿದರು. ಉರ್ಕಿಯಾಳ ಎದೆಯೊಳಗಿಂದ ಬೆಳಗಿನಿಂದ ಬಾರದಿದ್ದ ಅಳು ಆಗ ಎದ್ದಿತು, ಹೆಂಗಸರು ದನಿಗೂಡಿಸಿದರು.

ಗಂಡಸರೆಲ್ಲ ಸ್ಮಶಾನದ ಬಸ್ಸು ಹತ್ತಿದರು. "ಬನ್ನಿ ಅಣ್ಣ, ಜಾಗ ಇದೆ," ಎಂದು ಸೆಯಿಲ್ಖಾನ್ ಕರೆದ. ವಿತಾಲಿ ಬೇಡವೆಂದು ತಲೆಯಾಡಿಸಿದ. ಬಸ್ಸು ಹೋದ ಮೇಲೆ ಉರ್ಕಿಯಾ ಮುಷ್ಟಿಯಲ್ಲಿದ್ದ ತುಂಡನ್ನು ಬಿಡಿಸಿ, ನೀವಿ, ಓರಗಿತ್ತಿಯ ಕೈಗಿಟ್ಟಳು.

"ಅವನಿಗೂ ಕೊಡು. ಮಣ್ಣಿಗೆ ಬಂದೋರು ಬರಿಗೈಲಿ ಹೋಗಬಾರದು."

ವಿತಾಲಿ ಬಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಆಮೇಲೆ ಟೋಪಿಯಿಂದ ಬೆಂಚಿನ ಹಿಮ ಗುಡಿಸಿದ. ಮೊದಲು ಎಡತುದಿ, ಆಮೇಲೆ ಬಲತುದಿ. ಬಲಗಡೆ ಕುಳಿತ. ನಡುಹಗಲಿನಲ್ಲೂ ಅಲ್ಲಿ ನೆರಳೇ. ಎದುರಿನ ತನ್ನ ಬಾಗಿಲನ್ನು ನೋಡುತ್ತಿದ್ದ. ಉರ್ಕಿಯಾ ಬಹಳ ಹೊತ್ತು ಕಿಟಕಿಯಲ್ಲೇ ನಿಂತಿದ್ದಳು. ಅವನು ಒಮ್ಮೆಯೂ ಎಡಕ್ಕೆ ಕತ್ತು ತಿರುಗಿಸಲಿಲ್ಲ.